ಜೋಡಿ ಡ್ಯಾನ್ಸಿನ ಬೇಸಿಕ್ ಕೋರ್ಸ್: ಪಾದಕ್ಕೆ ಫುಲ್ ಮಾರ್ಕ್ಸ್, ಫಾಲೋ ಮಾಡುವವರಿಗೆ ಮಾತ್ರ ಅನ್ಯಾಯ

ಮೊದಲೇ ಹೇಳಿಬಿಡುತ್ತೇನೆ. ಪಾರ್ಟ್‌ನರ್ ಡ್ಯಾನ್ಸಿನ ಬುನಾದಿ ಕಲಿಸುವ ಈ ವಿಡಿಯೋ ಕೋರ್ಸು ಕಾಲಿನ ವಿಷಯದಲ್ಲಿ ತುಂಬ ಚೆನ್ನಾಗಿದೆ, ಒಬ್ಬರನ್ನೊಬ್ಬರು ಹಿಡಿದುಕೊಳ್ಳುವ ವಿಷಯದಲ್ಲಿ ಸುಮಾರು, ಫಾಲೋ ಮಾಡುವವರ, ಅಂದರೆ ಜೊತೆಗಾರರ ಸೂಚನೆ ಹಿಡಿದು ಕುಣಿಯುವವರ ವಿಷಯದಲ್ಲಿ ಮಹಾ ಜಿಪುಣ. ಕೋರ್ಸಿನ ಹೆಸರು ಬರೆಯುತ್ತಿಲ್ಲ. ಇದೇ ಅಚ್ಚಿನವು ಬೇಕಾದಷ್ಟು ಇವೆ, ಹೆಚ್ಚುಕಡಿಮೆ ಎಲ್ಲದರ ಪಾಠದ ಪಟ್ಟಿಯೂ ಒಂದೇ ಥರ ಇರುತ್ತದೆ. ನೀವು ಯಾವುದನ್ನು ಕೊಳ್ಳಲು ಹೊರಟಿದ್ದರೂ ಏನು ನೋಡಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬರಬಹುದು.

ನಮ್ಮನೆಯವರು ಲೀಡ್, ಅಂದರೆ ಯಾವ ಕಡೆ ಹೋಗಬೇಕು ಅಂತ ಸೂಚನೆ ಕೊಡುವವರು, ನಾನು ಫಾಲೋ. ಇಬ್ಬರಿಗೂ ಅಷ್ಟಿಷ್ಟು ಸ್ಟೆಪ್ಪುಗಳು ಗೊತ್ತಿದ್ದವು. ಆದರೆ ಜೊತೆಗೆ ಕುಣಿಯಲು ನಿಂತರೆ ತಳ್ಳಾಟ, ಎಳೆದಾಟ, ಮಂಡಿಗೆ ಮಂಡಿ ಡಿಕ್ಕಿ. ಅದಕ್ಕೇ ಹೊಸ ಸ್ಟೆಪ್ಪು ಕಲಿಸುವ ಕೋರ್ಸು ಬಿಟ್ಟು ಬೇಸಿಕ್ ಕೋರ್ಸೇ ತಗೊಂಡೆವು. ನಿಲ್ಲುವುದು, ನಡೆಯುವುದು, ಆಮೇಲೆ ವಾಲ್ಟ್ಜ್, ಟ್ಯಾಂಗೋ, ರುಂಬಾ, ಚಾ ಚಾ, ಕೊನೆಗೆ ಒಂಚೂರು ಸಾಲ್ಸಾ. ಪಾಠಗಳ ಕ್ರಮ ಇಷ್ಟೇ.

ಶುರುವಿನ ಪಾಠಗಳಲ್ಲಿ ಡ್ಯಾನ್ಸೇ ಇಲ್ಲ! ಬರೀ ನಡಿಗೆ. ಇದನ್ನು ನೋಡಿ ಸುಮಾರು ಜನ ಬೇಸರಪಟ್ಟು ಮುಂದಿನ ಪಾಠಕ್ಕೆ ಹಾರಿರುತ್ತಾರೆ ಅಂತ ನನ್ನ ಅನುಮಾನ. ಹಾರಬೇಡಿ. ಇಡೀ ಕೋರ್ಸಿನಲ್ಲಿ ದುಡ್ಡಿಗೆ ಬೆಲೆ ಬರುವುದು ಇಲ್ಲೇ.

ಅವರು ಮೊದಲು ಕೇಳುವ ಪ್ರಶ್ನೆ ಒಂದೇ: ಈಗ ನಿಮ್ಮ ಮೈಭಾರ ಯಾವ ಕಾಲಿನ ಮೇಲಿದೆ? ಸುಮ್ನೆ ನಿಂತು ಯೋಚಿಸಿ, ನಮ್ಮಲ್ಲಿ ಹೆಚ್ಚಿನವರ ಭಾರ ಎರಡೂ ಕಾಲಿನ ಮೇಲೆ ಹಂಚಿಹೋಗಿರುತ್ತದೆ. ಜೋಡಿ ಡ್ಯಾನ್ಸಿನಲ್ಲಿ ಅದು ನಡೆಯುವುದಿಲ್ಲ. ಹೆಜ್ಜೆ ಅಂದರೆ ಭಾರ ಪೂರ್ತಿಯಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಹೋಗಬೇಕು. ಹೋಯಿತೋ ಇಲ್ಲವೋ ಅಂತ ತಿಳಿಯಲು ಅವರು ಕೊಡುವ ಪರೀಕ್ಷೆ ತುಂಬ ಸರಳ. ಹೆಜ್ಜೆ ಇಟ್ಟಮೇಲೆ ಇನ್ನೊಂದು ಕಾಲನ್ನು ನೆಲದಿಂದ ಎತ್ತಿ. ಮೈ ಅಲ್ಲಾಡದೆ ಕಾಲು ಎದ್ದರೆ ಸರಿ. ಎತ್ತುವ ಮುಂಚೆ ಸೊಂಟ ಪಕ್ಕಕ್ಕೆ ಜಾರಿದರೆ ಭಾರ ಇನ್ನೂ ಅರ್ಧ ಹಿಂದೆಯೇ ಉಳಿದಿದೆ ಅಂತ ಅರ್ಥ.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಲೀಡ್ ಮಾಡುವವರಿಗೆ ಎದುರಿನವರ ಯಾವ ಕಾಲು ಖಾಲಿ ಇದೆ ಅಂತ ಗೊತ್ತಿರಬೇಕು, ಖಾಲಿ ಇರುವ ಕಾಲನ್ನೇ ಅವರು ಚಲಿಸಲು ಕರೆಯುವುದು, ಭಾರ ಎರಡೂ ಕಡೆ ಇದ್ದರೆ ಯಾವ ಕಾಲು ಬರುತ್ತದೆ ಅನ್ನುವುದು ಲಾಟರಿ. ಕಾಲು ತುಳಿಯುವ ಪ್ರಸಂಗಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ. ಸ್ಟೆಪ್ಪು ಮರೆತಿದ್ದಲ್ಲ.

ಆಮೇಲೆ ಮುಂದಕ್ಕೆ ನಡೆಯುವುದು. ಕ್ಯಾಮೆರಾವನ್ನು ನೆಲದ ಮಟ್ಟಕ್ಕೆ ಇಟ್ಟು ಪಾದವನ್ನು ಪಕ್ಕದಿಂದ ತೋರಿಸಿದ್ದಾರೆ. ಇದನ್ನು ಮಾಡಿದವರ ತಲೆಗೆ ಒಂದು ಸಲಾಂ. ಬೇರೆ ಎಷ್ಟೋ ವಿಡಿಯೋಗಳಲ್ಲಿ ಟೀಚರು ಹಿಮ್ಮಡಿ ಹಿಮ್ಮಡಿ ಅಂತ ಕೂಗುತ್ತಿರುತ್ತಾರೆ, ಫ್ರೇಮಿನಲ್ಲಿ ಮಾತ್ರ ಸೊಂಟದಿಂದ ಮೇಲೆ ಕಾಣುತ್ತಿರುತ್ತದೆ. ಇಲ್ಲಿ ಪ್ರತಿಯೊಂದು ಘಟ್ಟವೂ ಕಾಣುತ್ತದೆ. ನಿಂತ ಕಾಲಿನ ಮಂಡಿ ಸ್ವಲ್ಪ ಸಡಿಲಾಗುತ್ತದೆ, ಮೈ ಮುಂದಕ್ಕೆ ಹೊರಡುತ್ತದೆ, ಆಮೇಲೆ ಖಾಲಿ ಕಾಲು ಸೊಂಟದ ಕೀಲಿನಿಂದ ಬೀಸಿ ಹೋಗುತ್ತದೆ, ಹಿಮ್ಮಡಿ ಮೊದಲು ನೆಲ ಮುಟ್ಟುತ್ತದೆ. ಹೆಜ್ಜೆ ಪೂರ್ತಿ ಚಾಚಿದ ಆ ಕ್ಷಣದಲ್ಲಿ ಭಾರ ಮುಂದಿನ ಪಾದದ ಹಿಮ್ಮಡಿ ಮತ್ತು ಹಿಂದಿನ ಪಾದದ ಮುಂಭಾಗದ ನಡುವೆ ಇರುತ್ತದೆ. ಮೊದಲು ಕಾಲು ಚಾಚಿ ಆಮೇಲೆ ಮೈಯನ್ನು ಅದರ ಮೇಲೆ ಹೊತ್ತು ಹಾಕುವವರೇ ಜಾಸ್ತಿ. ಹಾಗೆ ಮಾಡಿದರೆ ಎದುರಿಗಿರುವವರಿಗೆ ನಿಮ್ಮ ಪಾದ ಬಂದಮೇಲೆ ಸುದ್ದಿ ಮುಟ್ಟುತ್ತದೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಹಿಂದಕ್ಕೆ ನಡೆಯುವುದು ಇನ್ನೂ ಕಷ್ಟ. ಬಾಲ್‌ರೂಮ್ ಡ್ಯಾನ್ಸುಗಳಲ್ಲಿ, ಅಂದರೆ ವಾಲ್ಟ್ಜ್‌ನಂಥ ಜೋಡಿ ಡ್ಯಾನ್ಸುಗಳಲ್ಲಿ, ಫಾಲೋ ಮಾಡುವವರು ಇದನ್ನೇ ಜಾಸ್ತಿ ಮಾಡಬೇಕು. ಕಾಲು ಹಿಂದಕ್ಕೆ ಚಾಚಿದಾಗ ಮೊದಲು ಬೆರಳು, ಆಮೇಲೆ ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆ. ಮುಂದೆ ಉಳಿದ ಪಾದದ ಬೆರಳುಗಳು ಮೇಲೆದ್ದು, ಹಿಮ್ಮಡಿ ನೆಲ ಸವರುತ್ತಾ ಹಿಂದೆ ಬರುತ್ತದೆ. ಆ ಪಾದ ಈ ಪಾದದ ಪಕ್ಕಕ್ಕೆ ಬರುವವರೆಗೂ ಹಿಂದಿನ ಕಾಲಿನ ಹಿಮ್ಮಡಿ ಪೂರ್ತಿ ಕೆಳಗಿಳಿಯಬಾರದು. ಬೇಗ ಇಳಿಸಿದರೆ ಮೈ ಹಿಂದಕ್ಕೆ ಕುಸಿಯುತ್ತದೆ, ಹಿಡಿದುಕೊಂಡ ಗಂಡನೂ ಜೊತೆಗೆ ಬರುತ್ತಾನೆ. ಮೀನಖಂಡ ಉರಿಯುವವರೆಗೂ ಮಾಡಿಸುತ್ತಾರೆ. ಸಂಗೀತ ಇಲ್ಲ, ಬರೀ ಎಣಿಕೆ. ನನಗೆ ಇಷ್ಟವಾಯಿತು. ನಮ್ಮನೆಯವರಿಗೆ ಆಗಲಿಲ್ಲ. "ಡ್ಯಾನ್ಸ್ ಅಂತ ತಗೊಂಡು ಪೆರೇಡ್ ಮಾಡಿಸ್ತಿದೀಯಲ್ಲೇ" ಅಂತ ಗೊಣಗಿದರು. ಗೊಣಗುತ್ತಲೇ ಮಾಡಿದರು ಅನ್ನಿ.

ನಡಿಗೆಯಿಂದಲೇ ಶುರು ಮಾಡುವುದಕ್ಕೆ ಒಂದು ಇತಿಹಾಸವೂ ಇದೆ. ಇಂದು ನಾವು ಬಾಲ್‌ರೂಮ್ ಟೆಕ್ನಿಕ್ ಅನ್ನುವುದರ ಬಹುಪಾಲು 1920ರ ದಶಕದ ಇಂಗ್ಲೆಂಡಿನಲ್ಲಿ ಒಂದು ರೂಪಕ್ಕೆ ಬಂತು. 1904ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಡ್ಯಾನ್ಸ್ ಶಿಕ್ಷಕರ ಇಂಪೀರಿಯಲ್ ಸೊಸೈಟಿ 1924ರಲ್ಲಿ ಬಾಲ್‌ರೂಮಿಗೆ ಅಂತಲೇ ಒಂದು ವಿಭಾಗ ತೆರೆಯಿತು. ಬ್ಯಾಲೆಯಂತೆ ಪಾದವನ್ನು ಹೊರಕ್ಕೆ ತಿರುಗಿಸಿಡುವ ಹಳೆಯ ಪದ್ಧತಿ ಹೋಗಿ, ಎರಡೂ ಪಾದ ಸಮಾನಾಂತರವಾಗಿ, ಸಹಜವಾಗಿ ನಡೆದಂತೆ ಇಡುವುದು ಬಂತು. ಯಾವ ಹೆಜ್ಜೆಗೆ ಹಿಮ್ಮಡಿ, ಯಾವುದಕ್ಕೆ ಬೆರಳು ಅನ್ನುವ ಪಟ್ಟಿಗಳು ಆ ಕಾಲದ ಕೊಡುಗೆ. ಕೋರ್ಸಿನಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಹೇಳಿದ್ದರೆ ನಮ್ಮನೆಯವರ ಗೊಣಗಾಟ ಕಡಿಮೆ ಆಗುತ್ತಿತ್ತೇನೋ.

ವಾಲ್ಟ್ಜ್ ಪಾಠಗಳೂ ಚೆನ್ನಾಗಿವೆ. ಮೂರು ಬೀಟು, ಮೂರು ಹೆಜ್ಜೆ, ಮೂರಕ್ಕೂ ಭಾರ ಬದಲಾಗಬೇಕು. ಮೂರನೆಯದರಲ್ಲಿ ಪಾದಗಳನ್ನು ಜೋಡಿಸುತ್ತೇವಲ್ಲ, ಅಲ್ಲೇ ಎಲ್ಲರೂ ಎಡವುವುದು. ಪಾದ ಪಕ್ಕಕ್ಕೆ ಬರುತ್ತದೆ, ಭಾರ ಮಾತ್ರ ಬರುವುದಿಲ್ಲ. ಮುಂದಿನ ಒಂದಕ್ಕೆ ತಪ್ಪು ಕಾಲು ಹೊರಡುತ್ತದೆ. ಚೌಕದ ಹೆಜ್ಜೆಯನ್ನೇ ಹಿಡಿದು ಇದನ್ನು ತಿದ್ದುತ್ತಾರೆ. ಮುಂದೆ, ಪಕ್ಕ, ಜೋಡಣೆ. ಹಿಂದೆ, ಪಕ್ಕ, ಜೋಡಣೆ. ಅದೇ ಚೌಕ ಎಷ್ಟೋ ಹೊತ್ತು.

ಏರಿಳಿತ ಹೇಳಿಕೊಡುವ ಪಾಠವನ್ನಂತೂ ನಾನು ಎಷ್ಟು ಸಲ ಹಿಂದಕ್ಕೆ ಓಡಿಸಿ ನೋಡಿದೆನೋ ಲೆಕ್ಕವಿಲ್ಲ. ವಾಲ್ಟ್ಜ್‌ನಲ್ಲಿ ಮೊದಲ ಹೆಜ್ಜೆಯ ಕೊನೆಯಲ್ಲಿ ಮೈ ಏರಲು ಶುರುವಾಗುತ್ತದೆ, ಎರಡು ಮತ್ತು ಮೂರರಲ್ಲಿ ಏರುತ್ತಲೇ ಇರುತ್ತದೆ, ಮೂರರ ಕೊನೆಯಲ್ಲಿ ಇಳಿಯುತ್ತದೆ. ಹೊಸಬರು ಒಂದಕ್ಕೇ ಜಿಗಿದು ಮೂರು ಬರುವಷ್ಟರಲ್ಲಿ ನೆಲಕ್ಕೆ ಬಂದಿರುತ್ತಾರೆ. ಏರುವುದು ಸುಲಭ, ಇಳಿಯುವುದರಲ್ಲಿದೆ ಕಸರತ್ತು. ಹಿಮ್ಮಡಿ ಧಡ್ ಅಂತ ಬೀಳಬಾರದು, ಮೆಲ್ಲಗೆ ಇಳಿದು, ನೆಲ ಮುಟ್ಟಿದ ಮೇಲೆ ಮಂಡಿ ಇನ್ನಷ್ಟು ಬಾಗಿ, ಅಲ್ಲಿಂದಲೇ ಮುಂದಿನ ಹೆಜ್ಜೆಗೆ ತಳ್ಳು ಸಿಗಬೇಕು. ಟೀಚರು ಇದನ್ನು ಸಂಗೀತದ ಜೊತೆ, ಸಂಗೀತ ಇಲ್ಲದೆ, ಒಬ್ಬರೇ, ಜೋಡಿಯಾಗಿ, ಎಲ್ಲ ಥರವೂ ಮಾಡಿ ತೋರಿಸುತ್ತಾರೆ.

ಸ್ಪರ್ಧೆಗಳಲ್ಲಿ ವಾಲ್ಟ್ಜ್ ನಿಮಿಷಕ್ಕೆ 28ರಿಂದ 30 ಬಾರ್ (ಬಾರ್ ಅಂದರೆ ತಾಳದ ಒಂದು ಸುತ್ತು, ವಾಲ್ಟ್ಜ್‌ನಲ್ಲಿ ಮೂರು ಬೀಟು), ಅಂದರೆ 84ರಿಂದ 90 ಬೀಟು. ಕೋರ್ಸಿನ ಅಭ್ಯಾಸದ ಹಾಡುಗಳು ಅದಕ್ಕಿಂತ ನಿಧಾನ. ನಿಧಾನ ಅಂದರೆ ಸುಲಭ ಅಂತ ಅಂದುಕೊಳ್ಳಬೇಡಿ. ವೇಗದಲ್ಲಿ ಹೋಗುವಾಗ ಬ್ಯಾಲೆನ್ಸ್ ಇಲ್ಲದಿದ್ದರೂ ಓಡಿ ತಪ್ಪಿಸಿಕೊಳ್ಳಬಹುದು, ನಿಧಾನದಲ್ಲಿ ಒಂಟಿಕಾಲಿನ ಮೇಲೆ ನಿಂತು ಕಾಯಲೇಬೇಕು. ಪ್ಲೇಯರ್‌ನಲ್ಲಿ ವೇಗ ಕಡಿಮೆ ಮಾಡುವ ಸೌಲಭ್ಯ ಇದೆ, ಸ್ವರ ಕೆಡುವುದಿಲ್ಲ. ಕನ್ನಡಿಯಂತೆ ತಿರುಗಿಸಿ ತೋರಿಸುವ ಬಟನ್ನೂ ಇದೆ. ಎಡ ಬಲ ಗಲಿಬಿಲಿ ಆಗುವವರಿಗೆ ಇದು ದೊಡ್ಡ ಉಪಕಾರ.

ಈಗ ಹಿಡಿತಕ್ಕೆ ಬರೋಣ. ಇಲ್ಲಿಂದ ಕೋರ್ಸು ಸ್ವಲ್ಪ ಜಾರುತ್ತದೆ.

ಫ್ರೇಮ್, ಅಂದರೆ ಇಬ್ಬರೂ ತೋಳು ಮೈ ಇಟ್ಟುಕೊಂಡು ಹಿಡಿದು ನಿಲ್ಲುವ ಭಂಗಿ, ಅದರ ಬಗ್ಗೆ ಇರುವುದು ಒಂದೇ ಪಾಠ, ಅದೂ ಚಿಕ್ಕದು. ಲೀಡ್ ಬಲಗೈ ಫಾಲೋ ಅವರ ಎಡ ಹೆಗಲ ಹಿಂದಿನ ಮೂಳೆಯ ಮೇಲೆ, ಫಾಲೋ ಎಡಗೈ ಲೀಡ್ ಅವರ ಮೇಲ್ದೋಳಿನ ಮೇಲೆ, ಇನ್ನೆರಡು ಕೈ ಇಬ್ಬರಲ್ಲಿ ಗಿಡ್ಡ ಇರುವವರ ಕಣ್ಣಿನ ಮಟ್ಟದ ಸುಮಾರಿಗೆ. ಇಷ್ಟು ಸರಿಯಾಗಿ ಹೇಳುತ್ತಾರೆ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ: ಇಬ್ಬರೂ ಎದುರಾಎದುರು ನೇರವಾಗಿ ನಿಲ್ಲಬಾರದು, ಇಬ್ಬರೂ ತಮ್ಮ ತಮ್ಮ ಎಡಕ್ಕೆ ಸ್ವಲ್ಪ ಸರಿದಿರಬೇಕು. ಆಗ ಒಬ್ಬರ ಬಲಗಾಲು ಇನ್ನೊಬ್ಬರ ಎರಡು ಕಾಲಿನ ನಡುವೆ ಹೋಗುತ್ತದೆ. ನಮ್ಮ ಮಂಡಿ ಡಿಕ್ಕಿಯ ಮೂಲ ಇಲ್ಲೇ ಇತ್ತು. ಇದನ್ನು ಮೇಲಿನಿಂದ ಕ್ಯಾಮೆರಾ ಇಟ್ಟು ತೋರಿಸಬೇಕಿತ್ತು. ಪಾದಕ್ಕೆ ಅಷ್ಟು ಕ್ಯಾಮೆರಾ ಇಟ್ಟವರು ಇಲ್ಲಿ ಯಾಕೆ ಕೈ ಬಿಟ್ಟರೋ.

ಲೀಡ್ ಮಾಡುವುದು ತೋಳಿನಿಂದಲ್ಲ, ಮೈಯಿಂದ ಅಂತ ಹತ್ತಾರು ಸಲ ಹೇಳುತ್ತಾರೆ. ಹೇಗೆ ಅಂತ ತೋರಿಸುವ ಅಭ್ಯಾಸ ಮಾತ್ರ ಒಂದೇ. ಅದು ಚೆನ್ನಾಗಿದೆ ಅನ್ನುವುದನ್ನೂ ಹೇಳಬೇಕು. ಇಬ್ಬರೂ ಅಂಗೈಗೆ ಅಂಗೈ ಮುಟ್ಟಿಸಿ ನಿಲ್ಲಬೇಕು. ಫಾಲೋ ಕಣ್ಣು ಮುಚ್ಚಬೇಕು. ಲೀಡ್ ತೋಳನ್ನು ಒಂದಿಷ್ಟೂ ಅಲುಗಿಸದೆ ಬರೀ ಮೈಭಾರವನ್ನು ಮುಂದೆ ಹಿಂದೆ, ಆ ಕಾಲು ಈ ಕಾಲು ಬದಲಿಸಬೇಕು. ಅಂಗೈಯಲ್ಲಿ ಒತ್ತಡ ಬದಲಾದದ್ದು ಗೊತ್ತಾಗುತ್ತದೆ, ಮೈ ತಾನಾಗಿ ಹೊರಡುತ್ತದೆ. ಮೊದಲ ಸಲ ಇದು ಕೆಲಸ ಮಾಡಿದಾಗ ಇಬ್ಬರಿಗೂ ನಗು. "ರೀ, ಈಗ ನೀವು ತಳ್ಳಲೇ ಇಲ್ಲ ಅಲ್ವಾ?" ಅಂತ ಕೇಳಿದೆ. ಇಲ್ಲವಂತೆ!

ಫಾಲೋ ಮಾಡುವವರಿಗೆ ಆಗಿರುವ ಅನ್ಯಾಯ ನನ್ನ ದೊಡ್ಡ ತಕರಾರು. ಪ್ರತಿ ಪಾಠದಲ್ಲೂ ಲೀಡ್ ಹೆಜ್ಜೆಯನ್ನು ವಿವರವಾಗಿ ಹೇಳಿ, ಕೊನೆಗೆ ಫಾಲೋ ಇದರ ಉಲ್ಟಾ ಮಾಡಿದರಾಯಿತು ಅಂತ ಮುಗಿಸುತ್ತಾರೆ. ಉಲ್ಟಾ ಅಲ್ಲ ಸ್ವಾಮಿ! ವಾಲ್ಟ್ಜ್‌ನ ನ್ಯಾಚುರಲ್ ಟರ್ನ್, ಅಂದರೆ ಬಲಕ್ಕೆ ತಿರುಗುವುದನ್ನು ತಗೊಳ್ಳಿ. ಮುಂದೆ ಹೋಗುವ ಲೀಡ್ ಮೊದಲ ಹೆಜ್ಜೆಗೆ ಹಿಮ್ಮಡಿಯಿಂದ ಬೆರಳಿಗೆ ಹೋಗುತ್ತಾರೆ, ಹಿಂದೆ ಹೋಗುವ ಫಾಲೋ ಬೆರಳಿನಿಂದ ಹಿಮ್ಮಡಿಗೆ ಬರುತ್ತಾರೆ. ತಿರುವಿನ ಒಳಗಡೆ ಇರುವವರಿಗೆ, ಇಲ್ಲಿ ಫಾಲೋಗೆ, ಆ ಹೆಜ್ಜೆಯಲ್ಲಿ ಪಾದದಿಂದ ಏರುವುದೇ ಇಲ್ಲ, ಮಂಡಿ ಮತ್ತು ಮೈಯಿಂದಷ್ಟೇ ಏರಿಕೆ. ಇದನ್ನು ಹೇಳದೆ ಬಿಟ್ಟರೆ ಫಾಲೋ ಮಾಡುವವರು ಲೀಡ್ ಜೊತೆಗೇ ಪಾದ ಎತ್ತುತ್ತಾರೆ, ಹಿಮ್ಮಡಿ ನೆಲದ ಮೇಲೆ ಇರುವುದಿಲ್ಲ, ತಿರುವಿನಲ್ಲಿ ತೂರಾಡುತ್ತಾರೆ, ಬೈಗುಳ ಮಾತ್ರ ಬ್ಯಾಲೆನ್ಸ್ ಇಲ್ಲ ಅಂತ ಅವರಿಗೇ. ಕೋರ್ಸು ಕೊಳ್ಳುವವರಲ್ಲಿ ಅರ್ಧ ಜನ ಫಾಲೋ ಮಾಡುವವರೇ ಇರುತ್ತಾರೆ ಅನ್ನುವುದು ಮರೆತುಹೋಯಿತೇ?

ಇನ್ನೊಂದು, ಫಾಲೋ ಕಾಯುವುದನ್ನು ಕಲಿಯಬೇಕು. ಚೌಕ ಮುಗಿಯಿತು, ಈಗ ತಿರುವು ಬರುತ್ತದೆ ಅಂತ ಊಹಿಸಿ ಮೊದಲೇ ಹೊರಟರೆ ಲೀಡ್ ಮಾಡುವವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಆದರೆ ಕೋರ್ಸಿನ ಪ್ರತಿ ಅಭ್ಯಾಸವೂ ಒಂದೇ ಕ್ರಮದಲ್ಲಿ ಬರುತ್ತದೆ. ಬಾಯಿಪಾಠ ಆದಮೇಲೆ ಊಹಿಸದೆ ಇರುವುದು ಹೇಗೆ? ನಾವು ಕೊನೆಗೆ ವಿಡಿಯೋ ನಿಲ್ಲಿಸಿ, ನಮ್ಮನೆಯವರಿಗೆ ತೋಚಿದ ಕ್ರಮದಲ್ಲಿ ಮಾಡಿಸತೊಡಗಿದೆವು. ಲಾಭ ಆದದ್ದು ಅದರಿಂದಲೇ.

ಒಂದು ಪಾಠದಲ್ಲಿ ಇಬ್ಬರೂ ಪಾತ್ರ ಬದಲಿಸಿ ಅಂತ ಹೇಳುತ್ತಾರೆ. ಇದನ್ನು ಮಾಡದೆ ಬಿಡಬೇಡಿ. ನಾನು ಲೀಡ್ ಮಾಡಿದಾಗ, ಎದುರಿನವರ ತೋಳು ಕಬ್ಬಿಣದಂತೆ ಬಿಗಿಯಾಗಿದ್ದರೆ ಎಷ್ಟು ಕಷ್ಟ, ಪೂರ್ತಿ ಸಡಿಲ ಇದ್ದರೆ ಸುದ್ದಿಯೇ ಮುಟ್ಟದೆ ಇನ್ನೂ ಎಷ್ಟು ಕಷ್ಟ ಅಂತ ಗೊತ್ತಾಯಿತು. ಹಿಂದಕ್ಕೆ ನಡೆದು ನೋಡಿದ ಮೇಲೆ ನಮ್ಮನೆಯವರ ಹೆಜ್ಜೆಯ ಉದ್ದ ತಾನಾಗಿ ಕಡಿಮೆಯಾಯಿತು. ನಾನು ಬಾಯಿಬಿಟ್ಟು ಹೇಳಿದಾಗ ಆಗದಿದ್ದದ್ದು!

ತಿರುಗುವುದರ ಪಾಠದಲ್ಲಿ ಕಾಂಟ್ರರಿ ಬಾಡಿ ಮೂವ್‌ಮೆಂಟ್ ಅಂತ ಒಂದು ಬರುತ್ತದೆ. ಗಾಬರಿ ಹುಟ್ಟಿಸುವ ಹಾಗೆ ಹೇಳಿದ್ದಾರೆ. ವಿಷಯ ಸರಳ. ಬಲಗಾಲು ಮುಂದೆ ಹೋಗುವಾಗ ಎಡಭಾಗದ ಮೈ ಮುಂದೆ ತಿರುಗುತ್ತದೆ, ಎಡಗಾಲಿಗೆ ಬಲಭಾಗ. ರಸ್ತೆಯಲ್ಲಿ ಕೈ ಬೀಸಿ ನಡೆಯುವಾಗ ಎಲ್ಲರೂ ಮಾಡುವುದು ಅದನ್ನೇ. ಪಾದದ ಮುಂಭಾಗದ ಮೇಲೆ ತಿರುಗಬೇಕು, ಪಾದವನ್ನು ಪೂರ್ತಿ ಊರಿ ಮೈ ತಿರುಚಿದರೆ ಮಂಡಿಗೆ ಪೆಟ್ಟು ಅನ್ನುವ ಎಚ್ಚರಿಕೆ ಇದೆ. ಅದು ಒಳ್ಳೆಯದು, ಇನ್ನೂ ಮುಂಚೆ ಬರಬೇಕಿತ್ತು.

ಟ್ಯಾಂಗೋ ಭಾಗ ನನಗೆ ಅರೆಮನಸ್ಸಿನದು ಅನ್ನಿಸಿತು. ಬಾಲ್‌ರೂಮ್ ಟ್ಯಾಂಗೋದಲ್ಲಿ ಏರಿಳಿತ ಇಲ್ಲ, ಮಂಡಿ ಸದಾ ಸ್ವಲ್ಪ ಬಾಗಿರುತ್ತದೆ, ಪಾದ ಜಾರಿಸದೆ ಎತ್ತಿ ಇಡುತ್ತಾರೆ, ಮುಂದಿನ ನಡಿಗೆ ಎಡಕ್ಕೆ ಬಾಗುತ್ತಾ ಹೋಗುತ್ತದೆ. ಇಷ್ಟು ಸರಿ. ಆದರೆ ಅದರ ನಡುವೆಯೇ ಅರ್ಜೆಂಟೈನ್ ಟ್ಯಾಂಗೋದ ಎಂಟು ಹೆಜ್ಜೆಯನ್ನೂ, ಫಾಲೋ ಎಡಗಾಲನ್ನು ಬಲಗಾಲಿನ ಮುಂದೆ ಅಡ್ಡ ಹಾಕುವುದನ್ನೂ ತುರುಕಿದ್ದಾರೆ. ಇವೆರಡೂ ಬೇರೆ ಬೇರೆ ಡ್ಯಾನ್ಸು. ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೋ ಕಡೆಯಿಂದ ಬಂದದ್ದನ್ನು ಯುನೆಸ್ಕೊ 2009ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತಲ್ಲ, ಅದರ ಅಪ್ಪುಗೆ ಬೇರೆ, ನಡಿಗೆ ಬೇರೆ, ಹೆಜ್ಜೆಯ ಕ್ರಮವನ್ನು ಆ ಕ್ಷಣಕ್ಕೆ ಕಟ್ಟುವ ರೀತಿಯೇ ಬೇರೆ. ಹೊಸಬರಿಗೆ ಎರಡನ್ನೂ ಕಲಸಿ ಕೊಟ್ಟರೆ ಎರಡೂ ಬರುವುದಿಲ್ಲ.

ರುಂಬಾ ಮತ್ತೆ ಚೆನ್ನಾಗಿದೆ. ಸೊಂಟ ಕುಲುಕಿಸುವುದನ್ನು ಕಲಿಸುವುದೇ ಇಲ್ಲ. ಪಾದದ ಮುಂಭಾಗ ಮೊದಲು ನೆಲಕ್ಕೆ ಒತ್ತಿ, ಆಮೇಲೆ ಹಿಮ್ಮಡಿ ಇಳಿಸಿ, ಭಾರ ಬಂದ ಕಾಲಿನ ಮಂಡಿ ನೇರ ಮಾಡಿ, ಇನ್ನೊಂದು ಮಂಡಿ ಸಡಿಲ ಬಿಡಿ. ಅಷ್ಟು ಮಾಡಿದರೆ ಸೊಂಟ ಹೋಗಬೇಕಾದ ಕಡೆಗೆ ತಾನೇ ಹೋಗುತ್ತದೆ. ಕನ್ನಡಿ ಮುಂದೆ ನಿಂತು ಸೊಂಟ ಮಾತ್ರ ಅಲ್ಲಾಡಿಸುತ್ತಿದ್ದವರಿಗೆ ಇದು ಕಣ್ಣು ತೆರೆಸುವ ಪಾಠ. ನಿಮಿಷಕ್ಕೆ 25ರಿಂದ 27 ಬಾರ್ ಇರುವ ನಿಧಾನದ ಡ್ಯಾನ್ಸಾದ್ದರಿಂದ ತಪ್ಪು ಮುಚ್ಚಿಡಲು ಜಾಗವೇ ಇಲ್ಲ.

ಚಾ ಚಾ ಅದರ ವೇಗದ ತಮ್ಮ. ಎರಡು, ಮೂರು, ನಾಲ್ಕು-ಮತ್ತು-ಒಂದು ಅಂತ ಎಣಿಸುವುದನ್ನು ಮೊದಲೇ ಹಿಡಿಸಿಬಿಡುತ್ತಾರೆ, ಆ ಪುಟ್ಟ ಹೆಜ್ಜೆಗಳು ಅಂಗೈ ಅಗಲಕ್ಕಿಂತ ದೊಡ್ಡದಾಗದ ಹಾಗೆ ನೋಡಿಕೊಳ್ಳುತ್ತಾರೆ. ದೊಡ್ಡ ಹೆಜ್ಜೆ ಇಟ್ಟರೆ ತಾಳ ಹಿಂದೆ ಬೀಳುವುದು ಖಂಡಿತ. ಸಾಲ್ಸಾ ಮಾತ್ರ ನೆಪಕ್ಕೆ. ನಾಲ್ಕು ಮತ್ತು ಎಂಟರಲ್ಲಿ ಹೊಸ ಹೆಜ್ಜೆ ಇಲ್ಲ, ಆದರೆ ಆ ಹೊತ್ತಿನಲ್ಲಿ ಮೈ ಕಲ್ಲಾಗಿ ನಿಲ್ಲಬಾರದು ಅಂತ ಹೇಳಿ ಮುಗಿಸಿದ್ದಾರೆ. ಸಾಲ್ಸಾಕ್ಕೆಂದೇ ಇದನ್ನು ಕೊಳ್ಳಬೇಡಿ.

ಶೂ ವಿಷಯ. ಪ್ರತಿ ಎರಡನೇ ಪಾಠಕ್ಕೆ ಡ್ಯಾನ್ಸ್ ಶೂ ಕೊಳ್ಳಿ ಅಂತ ಲಿಂಕು ಬರುತ್ತದೆ, ಕಿರಿಕಿರಿ. ಸಲಹೆ ತಪ್ಪೇನಲ್ಲ. ಸ್ವೇಡ್ (ಒರಟು ಮೇಲ್ಮೈಯ ಮೆತ್ತನೆ ಚರ್ಮ) ತಳದ ಶೂ ಬೇಕಾದಷ್ಟು ಜಾರುತ್ತದೆ, ಬೇಕಾದಾಗ ಹಿಡಿಯುತ್ತದೆ. ರಬ್ಬರ್ ತಳದ ಓಟದ ಶೂ ನೆಲಕ್ಕೆ ಅಂಟಿಕೊಂಡರೆ ಪಾದ ಅಲ್ಲೇ ಉಳಿದು ಮಂಡಿ ತಿರುಗುತ್ತದೆ, ಅದು ಅಪಾಯ. ಆದರೆ ನಡಿಗೆಯ ಪಾಠಕ್ಕೆ ನಯವಾದ ಚರ್ಮದ ತಳದ ಯಾವ ಶೂ ಆದರೂ ಸಾಕು. ನುಣ್ಣನೆ ನೆಲದಲ್ಲಿ ಬರೀ ಸಾಕ್ಸ್ ಹಾಕಿಕೊಂಡು ಮಾಡಬೇಡಿ, ಜಾರುತ್ತೀರಿ. ಸ್ವೇಡ್ ತಗೊಂಡರೆ ಹೊರಗೆ ಹಾಕಿಕೊಂಡು ಹೋಗಬೇಡಿ, ನೀರು ತಾಗಿಸಬೇಡಿ, ತಳ ನುಣುಪಾಗಿ ಹೊಳೆಯತೊಡಗಿದಾಗ ತಂತಿ ಬ್ರಷ್ಷಿನಿಂದ ಉಜ್ಜಿ. ಈ ಕೊನೆಯ ಮಾತನ್ನು ಶೂ ಮಾರುವ ಲಿಂಕಿನಲ್ಲಿ ಯಾರೂ ಹೇಳಲಿಲ್ಲ.

ಪೂರ್ತಿ ಬಿಟ್ಟುಹೋಗಿರುವುದು ಅಂದರೆ ಜನರ ನಡುವೆ ಕುಣಿಯುವುದು. ವಾಲ್ಟ್ಜ್, ಫಾಕ್ಸ್‌ಟ್ರಾಟ್ ಥರದ ಸುತ್ತು ಹಾಕುವ ಡ್ಯಾನ್ಸುಗಳಲ್ಲಿ ಎಲ್ಲ ಜೋಡಿಗಳೂ ಗಡಿಯಾರದ ಮುಳ್ಳಿಗೆ ಎದುರಾಗಿ ಚಲಿಸಬೇಕು. ಅದನ್ನು ಒಂದು ಚಿತ್ರದಲ್ಲಿ ತೋರಿಸಿದ್ದಾರೆ, ಅಷ್ಟೇ. ಮುಂದಿನ ಜೋಡಿ ನಿಂತುಬಿಟ್ಟರೆ ಏನು ಮಾಡಬೇಕು, ಮೂಲೆ ಬಂದಾಗ ಹೆಜ್ಜೆ ಹೇಗೆ ಚಿಕ್ಕದು ಮಾಡಬೇಕು, ಇದ್ಯಾವುದೂ ಇಲ್ಲ. ಮನೆಯ ಹಾಲ್‌ನಲ್ಲಿ ಒಂದೇ ಜೋಡಿ ಇರುವಾಗ ಇದು ಗೊತ್ತಾಗುವುದಿಲ್ಲ. ಇನ್ನೂ ಒಂದು ಕೊರತೆ, ಒಬ್ಬರ ಜೊತೆಗೇ ಕಲಿತರೆ ಅವರ ಅಭ್ಯಾಸಗಳಿಗೆ ಹೊಂದಿಕೊಂಡುಬಿಡುತ್ತೀರಿ. ನಮ್ಮನೆಯವರು ಎಡಕ್ಕೆ ತಿರುಗುವ ಮುಂಚೆ ಭುಜ ಏರಿಸುತ್ತಾರೆ, ನನಗೆ ಅದೇ ಸಿಗ್ನಲ್. ಬೇರೆಯವರ ಜೊತೆ ಕುಣಿದರೆ ಆ ಸಿಗ್ನಲ್ ಬರುವುದಿಲ್ಲವಲ್ಲ! ಗುಂಪಿನ ಕ್ಲಾಸುಗಳಲ್ಲಿ ಜೋಡಿ ಬದಲಿಸುತ್ತಾ ಇರುವುದರಿಂದ ಈ ರೋಗ ಅಂಟುವುದಿಲ್ಲ.

ತಪ್ಪು ತಿದ್ದುವವರು ಯಾರೂ ಇಲ್ಲ ಅನ್ನುವುದು ಎಲ್ಲ ವಿಡಿಯೋ ಕೋರ್ಸಿನ ಹಣೆಬರಹ. ಫೋನನ್ನು ನೆಲದ ಮೇಲೆ ಒರಗಿಸಿಟ್ಟು ನಿಮ್ಮ ಪಾದವನ್ನೇ ಶೂಟ್ ಮಾಡಿಕೊಳ್ಳಿ, ಟೀಚರ ಪಾದದ ಪಕ್ಕದಲ್ಲಿಟ್ಟು ನೋಡಿ. ಮೊದಲ ಸಲ ನೋಡಲು ಆಗುವುದಿಲ್ಲ, ಆಮೇಲೆ ರೂಢಿಯಾಗುತ್ತದೆ.

ಯಾರು ಕೊಳ್ಳಬಹುದು? ಮನೆಯಲ್ಲಿ ಜೊತೆಗಾರರಿದ್ದು, ಸ್ಟೆಪ್ಪು ಗೊತ್ತಿದ್ದೂ ಕುಣಿತ ಕೂಡಿಬರದವರು ಕಣ್ಣು ಮುಚ್ಚಿ ಕೊಳ್ಳಬಹುದು. ಪೂರ್ತಿ ಹೊಸಬರು ವಾರಕ್ಕೊಂದು ಗುಂಪಿನ ಕ್ಲಾಸ್ ಜೊತೆಗೆ ಇದನ್ನು ಇಟ್ಟುಕೊಂಡರೆ ಒಳ್ಳೆಯದು. ಒಬ್ಬರೇ ಇರುವವರು ನಡಿಗೆ, ಏರಿಳಿತ, ರುಂಬಾ ಪಾಠಗಳನ್ನು ಧಾರಾಳವಾಗಿ ಮಾಡಬಹುದು, ಉಳಿದವು ಅಷ್ಟು ದಕ್ಕುವುದಿಲ್ಲ. ಮದುವೆಗೋ ಪಾರ್ಟಿಗೋ ನಾಲ್ಕು ಸ್ಟೆಪ್ಪು ಬೇಗ ಬೇಕು ಅನ್ನುವವರಿಗೆ ಇದಲ್ಲ. ಇದೇ ಕೋರ್ಸಿನ ಎರಡನೇ ಭಾಗವನ್ನೂ ಮಾರುತ್ತಿದ್ದಾರೆ, ಪಾಠದ ಪಟ್ಟಿ ನೋಡಿದೆ, ಫಾಲೋ ಮಾಡುವವರಿಗೆ ಅಂತ ಬೇರೆ ಪಾಠ ಅದರಲ್ಲೂ ಕಾಣಲಿಲ್ಲ. ಅದು ಸೇರುವವರೆಗೆ ನಾನಂತೂ ತಗೊಳ್ಳುವುದಿಲ್ಲ.